ಸಾರು ಕುಡಿಸಿ ಪತ್ತೆಹಚ್ಚಿದ್ದು

೧೨ ಫೆಬ್ರವರಿ ೨೦೦೩, ಬುಧವಾರ, ಬಸವನಗುಡಿ

ಗಡಿ ಕಾಯಲು ಪಡೆಯೇಕೆ, ಒಂದು ಲೋಟ ಸಾರು ಸಾಕು. ಕುಡಿದು ಮುಖ ಕಿವುಚಿದವರು ಬಾಂಗ್ಲಾದವರು ಎಂದು ಭಾನುವಾರದ ಅಂಕಣದಲ್ಲಿ ಅಪ್ಪಣೆ ಕೊಡಿಸಿದ್ದೆ. ಪಕ್ಕದ ಮನೆಯ ಬದರೀನಾರಾಯಣರು ಅದನ್ನು ಪಾಲಿಸಿಬಿಟ್ಟಿದ್ದಾರೆ. ಮೊನ್ನೆ ಚಿಂದಿ ಆಯುವ ಹಸೀನಾಳಿಗೆ ಸಾರು ಕುಡಿಸಿ ಪೊಲೀಸರನ್ನು ಕರೆದರಂತೆ.

"ಮುಖ ಕಿವುಚಿದ್ಲು ಸಾರ್. ನೀವು ಬರೆದಿದ್ದು ಕರೆಕ್ಟು."

"ಅವಳು ಅಸ್ಸಾಮಿನವಳು ಕಣ್ರೀ. ನಾನು ತಮಾಷೆಗೆ ಬರೆದಿದ್ದು."

"ಪೇಪರಲ್ಲಿ ಬಂದಿತ್ತಲ್ಲ."

ಅವರ ಮನೆಯ ಸಾರಿಗೆ ಇಪ್ಪತ್ತು ವರ್ಷದಿಂದ ನಾನೂ ಮುಖ ಕಿವುಚುತ್ತಿದ್ದೇನೆ. ಅವರ ಹೆಂಡತಿ ತುಳಸಮ್ಮನವರು ನಕ್ಕು ಇನ್ನೊಂದು ಸೌಟು ಬಡಿಸುತ್ತಾರೆ.

ಠಾಣೆಗೆ ಓಡಿದೆ. ಇನ್‌ಸ್ಪೆಕ್ಟರು ಎದ್ದು ಕುರ್ಚಿ ಕೊಟ್ಟರು.

"ಅದನ್ನ ಓದಿ ಎಲ್ರೂ ನಕ್ಕಿದ್ದೇ ನಕ್ಕಿದ್ದು ಸಾರ್."

ಕಾಗದಪತ್ರವಿಲ್ಲದ ಹಸೀನಾಳನ್ನು ಗಡಿ ದಾಟಿಸಲು ನಿನ್ನೆಯೇ ರೈಲು ಹತ್ತಿಸಿದ್ದರು.