ಕೋಟೆದಿಬ್ಬದ ಮಣ್ಣು

ರಾಡ್ನರ್
೯ ಫೆಬ್ರುವರಿ ೧೮೮೭

ಪ್ರೀತಿಯ ಕೈನ್ವೆನ್ ಅಕ್ಕ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ನೀನು ಕೆಲಸಕ್ಕಿರುವ ಮನೆಯ ಅಡುಗೆಕೋಣೆ ಬೆಚ್ಚಗಿದೆಯೆಂದು ಓದಿ ಸಮಾಧಾನವಾಯಿತು. ಇಲ್ಲಿ ಕುರಿಗಳು ಮರಿಹಾಕತೊಡಗಿವೆ. ಅಪ್ಪನ ಜೊತೆ ಈಗ ನಾನೇ ಹೋಗುತ್ತೇನೆ.

ಇದ್ವಲ್ ಅಣ್ಣ ಹೇಗೆ ಸತ್ತನೆಂದು ಕೇಳಿದ್ದೀಯ. ಪಾದ್ರಿಗಳು ನಿನಗೆ ಎರಡೇ ಸಾಲು ಬರೆದರಂತೆ.

ಆ ಬೆಳಿಗ್ಗೆ ನಾವಿಬ್ಬರೂ ಮೊಲ ಹಿಡಿಯಲು ಮನೆ ಹಿಂದಿನ ಕೋಟೆದಿಬ್ಬಕ್ಕೆ ಹೋದೆವು. ಬಿಲಗಳಿಗೆಲ್ಲ ಬಲೆ ಹರಡಿ, ನೀನು ಹಾಲು ಕುಡಿಸಿ ಬೆಳೆಸಿದ ಬಿಳಿ ಫೆರೆಟ್ಟನ್ನು, ಬಿಲಕ್ಕೆ ನುಗ್ಗುವ ಆ ಸಪೂರ ಬೇಟೆಗಾತಿಯನ್ನು, ಒಳಗೆ ಬಿಟ್ಟೆವು. ಬಾಯಿಗೆ ದಾರದ ಕುಕ್ಕೆ ಕಟ್ಟಿದ್ದರೆ ಅದು ಮೊಲಗಳನ್ನು ಹೊರಗಟ್ಟುತ್ತದೆ, ಇಲ್ಲದಿದ್ದರೆ ಒಳಗೇ ಕೊಂದು ತಿಂದು ಮಲಗಿಬಿಡುತ್ತದೆ, ನಿನಗೆ ಗೊತ್ತೇ ಇದೆ. ಅಂದು ಮೊಲವೂ ಬರಲಿಲ್ಲ, ಫೆರೆಟ್ಟೂ ಬರಲಿಲ್ಲ.

"ಮಹಾರಾಣಿ ಊಟ ಮುಗಿಸಿ ನಿದ್ದೆ ಹೊಡೀತಿದಾಳೆ ಕಣೇ" ಎಂದು ನಕ್ಕು ಅಣ್ಣ ಗುದ್ದಲಿ ಎತ್ತಿದ.

"ಸಾಕು ಬಾರೋ ಅಣ್ಣ, ಮಣ್ಣೆಲ್ಲ ನೆಂದಿದೆ."

"ಬರಿಗೈಲಿ ಹೋದ್ರೆ ಅಪ್ಪ ನನ್ನನ್ನೇ ಬಿಲಕ್ಕೆ ಬಿಡ್ತಾರೆ!"

ಅಗೆದು ಅಗೆದು ಸೊಂಟದವರೆಗೆ ಒಳಗೆ ತೂರಿದ. ಮೇಲಿನ ಮಣ್ಣು ಸದ್ದೇ ಇಲ್ಲದೆ ಕುಸಿದು ಕೂತಿತು. ಬೂಟುಗಳಷ್ಟೇ ಹೊರಗೆ. ನಾನು ಕೂಗುತ್ತಾ ಕೈಯಿಂದಲೇ ಬಗೆದೆ. ಅಪ್ಪ ಓಡಿ ಬರುವಷ್ಟರಲ್ಲಿ ಆ ಬೂಟುಗಳು ಒದೆಯುವುದನ್ನು ನಿಲ್ಲಿಸಿದ್ದವು.

ಮಣ್ಣು ಕೊಟ್ಟ ದಿನ ಪಾದ್ರಿಗಳು, "ಅದು ಹುಟ್ಟುಗುಡ್ಡ ಅಲ್ಲಮ್ಮ. ನಾರ್ಮನ್ ದೊರೆ ಕೋಟೆ ಕಟ್ಟೋಕೆ ಹಳ್ಳಿಯವರ ಕೈಲಿ ಬುಟ್ಟಿಬುಟ್ಟಿ ಹೊರಿಸಿ ಸುರಿಸಿದ್ದು. ಆ ಮಣ್ಣಿಗೆ ಹಿಡಿತ ಎಲ್ಲಿಂದ ಬರಬೇಕು?" ಎಂದರು.

"ಮಣ್ಣಿಂದೇನೂ ತಪ್ಪಿಲ್ಲ ಪಾದ್ರಿಗಳೇ" ಎಂದರು ಅಪ್ಪ. "ಕುಕ್ಕೆ ಕಟ್ಟೋಕೂ ಸೋಮಾರಿತನ ಅವನಿಗೆ. ತನ್ನ ಸಾವು ತಾನೇ ತಂದ್ಕೊಂಡ."

ಮೂರನೆಯ ದಿನ ಫೆರೆಟ್ ತಾನಾಗಿಯೇ ಹೊರಬಂತು, ಬಾಯಿಗೆ ಕುಕ್ಕೆಯಿಲ್ಲ, ಹೊಟ್ಟೆ ದುಂಡಗೆ. ಅಪ್ಪ ಅದರ ಕತ್ತು ಮುರಿದರು. ಅಣ್ಣನ ಗೋರಿಗೆ ಹೆಸರಿನ ಕಲ್ಲು ನೆಡುವುದಿಲ್ಲವಂತೆ.

ಈಸ್ಟರಿಗೆ ರಜೆ ಸಿಕ್ಕರೆ ಖಂಡಿತ ಬಾ. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ
ಓಲ್ವೆನ್

ಇನ್ನೊಂದು ಮಾತು: ಅಣ್ಣ ಕುಕ್ಕೆ ಕಟ್ಟಿದ್ದ. ದಾರ ಫೆರೆಟ್ಟಿನ ತುಟಿ ಕೊಯ್ದು ರಕ್ತ ಬಂದಿತ್ತು. ಅವನು ದಿಬ್ಬದ ಆಚೆ ಬಲೆ ಹಾಕುತ್ತಿದ್ದಾಗ ಕನಿಕರವಾಗಿ ನಾನೇ ಬಿಚ್ಚಿ ಬಿಲಕ್ಕೆ ಬಿಟ್ಟೆ. ಅವನಿಗೂ ಹೇಳಲಿಲ್ಲ, ಕುಕ್ಕೆ ತಾನಾಗಿ ಕಳಚಿರಬೇಕೆಂದುಕೊಂಡ. ಕುಕ್ಕೆ ಇನ್ನೂ ನನ್ನ ಜೇಬಿನಲ್ಲಿದೆ. ನನಗಂತೂ ಬಾಯಿ ಬರುತ್ತಿಲ್ಲ, ನೀನು ಬಂದಾಗ ಈ ಸಾಲುಗಳನ್ನು ಅಪ್ಪನಿಗೆ ಓದಿ ಹೇಳು. ಅವರಿಗೆ ಓದಲು ಬಾರದಲ್ಲ. ಕಾಗದವನ್ನು ಅಂಚೆಗೆ ಹಾಕಲು ಅವರೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಮುಗೀತೇನೇ? ಆ ಸೋಮಾರಿ ಸುದ್ದಿ ಬರೆದು ನಿಮ್ಮಕ್ಕನ್ನ ಅಳಿಸಬೇಡ" ಅನ್ನುತ್ತಿದ್ದಾರೆ.