ಎಸಿ ಆರಿಸಿದ ಹೊತ್ತು

ಮಾರ್ಚ್ 11, ಮಂಗಳವಾರ. ಸುಬಾಂಗ್ ಜಯಾ, ಮಲೇಷ್ಯಾ.

ಸಿಂಚನಾಳ ವೀಸಾ ಬಂತು, ನನ್ನ ಹೆಂಡತಿ ಕೊನೆಗೂ ಇಲ್ಲಿಗೆ ಬರುತ್ತಿದ್ದಾಳೆ! ಹಾಳೆ ತುಂಬಾ ಹೀಗೇ ಬರೆದು ಕುಣಿಯಬೇಕಿತ್ತು. ಮದುವೆಯಾದ ವಾರಕ್ಕೇ ಅವಳನ್ನು ಮೈಸೂರಿನಲ್ಲಿ ಬಿಟ್ಟು ಬಂದವನು ನಾನು. ಆಫೀಸಿನಲ್ಲೆಲ್ಲ ಅವಳ ಫೋಟೋ ತೋರಿಸಿಕೊಂಡು ತಿರುಗಿದವನು. ಈಗ ಒಳಗೆ ಏನೂ ಅಲ್ಲಾಡುತ್ತಿಲ್ಲ.

ಸಂಜೆ ಕಾರು ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಅವಳ ಫೋನ್. ದನಿ ಚೆನ್ನಾಗಿ ಕೇಳಲೆಂದು ಎಸಿ ಆರಿಸಿದೆ. ಮಾತು ಎಲ್ಲೆಲ್ಲೋ ಸುತ್ತಿ, ಕಡೆಗೆ "ರೀ, ವೀಸಾ ಬಂತು ಕಣ್ರೀ!" ಎಂದು ಕಿರುಚಿದಳು. ಅದೇ ಹೊತ್ತಿಗೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿ ಬಾನೆಟ್‌ನಿಂದ ಹಬೆ ಎದ್ದಿತು.

"ಯಾಕ್ರೀ, ಖುಷಿ ಆಗ್ಲಿಲ್ವಾ?"

"ಫ್ಯಾನ್ ತಿರುಗ್ತಿಲ್ಲ," ಎಂದೆ. ಇಂಥ ಸುದ್ದಿಗೆ ನನ್ನ ಉತ್ತರ ಅಷ್ಟೇ. ಅವಳು ಫೋನ್ ಇಟ್ಟುಬಿಟ್ಟಳು.

ಇಂಜಿನ್ ಕಾದಾಗ ಸೆನ್ಸರ್ ಅದನ್ನು ತಣಿಸುವ ಫ್ಯಾನನ್ನು ಓಡಿಸಬೇಕು, ಎಂದ ಆಮೇಲೆ ನೋಡಿದ ಮೆಕ್ಯಾನಿಕ್. ಎಸಿ ಹಾಕಿದರೂ ಅದೇ ಫ್ಯಾನ್ ಓಡುತ್ತದೆ. ನನ್ನ ಕಾರಿನ ಸೆನ್ಸರ್ ಯಾವಾಗಲೋ ಕೆಟ್ಟಿತ್ತಂತೆ. ಈ ಸೆಕೆಯಲ್ಲಿ ಯಾರು ಎಸಿ ಆರಿಸುತ್ತಾರೆ? ಎಸಿಯಿಂದಲೇ ಫ್ಯಾನ್ ಓಡುತ್ತಿತ್ತು, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿದಳು. ನಡೆದದ್ದೆಲ್ಲ ಹೇಳಿದೆ.

"ಸರಿ, ನಿಮ್ಮ ಕಾರಿಗೆ ರೆಸ್ಟ್ ಕೊಡಿ. ನಾನು ಏರ್‌ಪೋರ್ಟ್‌ನಿಂದ ಟ್ರೇನಲ್ಲೇ ಬರ್ತೀನಿ. ನೀವು ಸ್ಟೇಷನ್ ಗೇಟ್ ಹತ್ರ ನಿಂತ್ಕೊಂಡು ನಗ್ಬೇಕು, ಗೊತ್ತಾಯ್ತಾ?"

"ನಗು ಬರ್ದೇ ಇದ್ರೆ?"

"ನಾನು ನಗ್ತೀನಿ ಬಿಡಿ, ನೀವು ಬ್ಯಾಗ್ ಎತ್ಕೊಳ್ಳಿ."

ಅಷ್ಟು ಮಾಡಬಲ್ಲೆ. ಕಣ್ಣು ಎಳೆಯುತ್ತಿದೆ. ಅವಳು ಬರುವುದು ಶನಿವಾರ, ಮಧ್ಯಾಹ್ನದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲಿಗೆ; ನಾನು ನಿಲ್ಲಬೇಕಾದದ್ದು ಕೆಎಲ್ ಸೆಂಟ್ರಲ್ ಸ್ಟೇಷನ್ನಿನಲ್ಲಿ.