ಖಾಲಿ ರಿವಾಲ್ವರ್

ಸೌತ್ ಸಿ, ನೈರೋಬಿ
ಜುಲೈ ೨೦೧೪

ಅಪ್ಪನಿಗೆ ಉತ್ತಯ್ಯನ ನಮಸ್ಕಾರಗಳು.

ಪಕ್ಕದ ಮನೆಯಲ್ಲಿ ದರೋಡೆಯಾದ ಮೇಲೆ ನೀವು ಒತ್ತಾಯಿಸಿದಿರಲ್ಲ, ರಿವಾಲ್ವರ್ ನೋಡಲು ಹೋಗಿದ್ದೆ. ನೀವು ಹೇಳಿದ ಉದ್ದ ನಳಿಗೆಯದು ಬೇಟೆಗೆ ಸರಿ, ಇಲ್ಲಿ ಬೇಟೆಯೇ ನಿಷೇಧ, ಸೊಂಟದಲ್ಲಿಟ್ಟುಕೊಳ್ಳಲು ಗಿಡ್ಡದೇ ವಾಸಿ ಎಂದು ಅಂಗಡಿಯವನು ಒಂದನ್ನು ಕೈಗೆ ಕೊಟ್ಟ. ಹಿಡಿತ ನೋಡೋಣವೆಂದು ಬಾಗಿಲ ಕಡೆ ಗುರಿಯಿಟ್ಟೆ. ಅಷ್ಟರಲ್ಲಿ, ನಾನು ಕಾರಿನಲ್ಲಿ ಮರೆತಿದ್ದ ಫೋನು ಕೊಡಲು ಡ್ರೈವರ್ ಮುಟಿಸೋ ಬಾಗಿಲು ತೆರೆದ. ತೆರೆದವನೇ ಎರಡೂ ಕೈ ಮೇಲೆತ್ತಿ ನಿಂತ. ಫೋನು ನೆಲಕ್ಕೆ ಬಿತ್ತು.

"ಖಾಲಿ ಕಣೋ, ಖಾಲಿ!" ಎಂದು ಕನ್ನಡದಲ್ಲೇ ಕೂಗಿದೆ.

"ಸವಾ, ಬಾಸ್" ಎಂದು ಸ್ವಾಹಿಲಿಯಲ್ಲಿ 'ಸರಿ' ಹೇಳಿ ನಕ್ಕ. ನಾನು ಅದನ್ನು ಮೇಜಿನ ಮೇಲಿಡುವವರೆಗೆ ಕೈ ಮಾತ್ರ ಇಳಿಸಲಿಲ್ಲ.

ಖಾಲಿಯಿದ್ದರೂ ಮನುಷ್ಯರ ಕಡೆ ತಿರುಗಿಸಬಾರದೆಂದು ನೀವು ಮೊದಲ ಸಲ ಕೋವಿ ಕೊಟ್ಟ ದಿನವೇ ಹೇಳಿದ್ದಿರಿ. ಕೊಳ್ಳದೆ ಬಂದೆ.

ಮುಂದಿನ ತಿಂಗಳು ನಿಮ್ಮನ್ನು ಕರೆತರಲು ಏರ್‌ಪೋರ್ಟಿಗೆ ಮುಟಿಸೋನೇ ಬರುತ್ತಾನೆ. ದಯವಿಟ್ಟು ಮುಂದಿನ ಸೀಟಿನಲ್ಲಿ, ಅವನ ಪಕ್ಕ ಕೂತುಕೊಳ್ಳಿ. ಅವನಿಗೆ ಮಾತು ಬೇಕು. ಅಲ್ಲಿ ಮೊದಲು ನಾನು ಕೂರುತ್ತಿದ್ದೆ. ಆವತ್ತಿನಿಂದ ಹಿಂದೆ ಕೂರುತ್ತಿದ್ದೇನೆ.

ನಿಮ್ಮ ಮಗ,
ಉತ್ತಯ್ಯ